ಒಡೆದ ಗಾಜಿನ ಖರ್ಚು ಯಾರ ಲೆಕ್ಕಕ್ಕೆ?

ಕಾರಿನ ಸನ್‌ರೂಫ್ ಗಾಜು ಸಿಡಿಯುವುದನ್ನು ಕೇಳಿದವರು ಹೆಚ್ಚುಕಡಿಮೆ ಎಲ್ಲರೂ ಅದನ್ನು ಗುಂಡಿನ ಸದ್ದಿಗೆ ಹೋಲಿಸುತ್ತಾರೆ. ಬಂದೂಕುಗಳ ದೇಶವಾದ ಅಮೆರಿಕದಲ್ಲಿ ಈ ಹೋಲಿಕೆ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಯಾರೋ ತಮ್ಮತ್ತ ಗುಂಡು ಹಾರಿಸಿದರೆಂದೇ ನಂಬಿ ಹೆದ್ದಾರಿಯ ನಡುವೆ ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನಿಂದ ಬರುವ ಲಾರಿಗೆ ಅದರ ಕಾರಣ ತಿಳಿದಿರುವುದಿಲ್ಲ. ವಾಹನವನ್ನು ಹೇಗೋ ಅಂಚಿಗೆ ತಂದು ನಿಲ್ಲಿಸಿ ನೋಡಿದರೆ, ತಲೆಯ ಮೇಲಿನ ಗಾಜು ಹೊರಮುಖವಾಗಿ ಉಬ್ಬಿ ಒಡೆದಿರುತ್ತದೆ. ಆಸನಗಳ ಸಂದಿಯಲ್ಲಿ, ಹಿಂಬದಿಯ ಮಗುವಿನ ಕುರ್ಚಿಯ ಪಟ್ಟಿಗಳಲ್ಲಿ, ಜೋಳದ ಕಾಳಿನ ಗಾತ್ರದ ಚೂರುಗಳು. ಮೇಲೆ ಸೇತುವೆ ಇಲ್ಲ, ಮರವಿಲ್ಲ, ಮುಂದೆ ಕಲ್ಲು ಹೊತ್ತ ಲಾರಿಯೂ ಇಲ್ಲ. ಮರುದಿನ ಮಾರಾಟಗಾರರ ಸೇವಾಕೇಂದ್ರದಲ್ಲಿ ದೊರೆಯುವ ಉತ್ತರ ಮಾತ್ರ ಸಿದ್ಧವಾಗಿಯೇ ಇರುತ್ತದೆ: ಕಲ್ಲು ಬಡಿದಿರಬೇಕು, ಗಾಜು ವಾರಂಟಿಗೆ ಒಳಪಡುವುದಿಲ್ಲ.

ಆ ಉತ್ತರ ಹಲವು ಸಲ ನಿಜವೂ ಹೌದು. ಆದರೆ ಅದು ಪ್ರತಿ ಸಲವೂ ನಿಜವೇ ಎಂಬುದನ್ನು ಪರಿಶೀಲಿಸುವ ಹೊಣೆ ಯಾರದು, ಪರಿಶೀಲನೆಗೆ ಬೇಕಾದ ಸಾಕ್ಷ್ಯ ಎಲ್ಲಿ ಹೋಗುತ್ತದೆ, ಕೊನೆಗೆ ಬಿಲ್ಲು ಯಾರ ಕೈಗೆ ಬರುತ್ತದೆ ಎಂಬ ಪ್ರಶ್ನೆಗಳು ಗಾಜಿಗೆ ಮಾತ್ರ ಸಂಬಂಧಿಸಿದವಲ್ಲ. ಅವು ಅಧಿಕಾರಕ್ಕೆ ಸಂಬಂಧಿಸಿದವು.

ಮೊದಲು ಗಾಜಿನ ಮಾತು. ಕಾರಿನ ಮುಂಗಾಜು ಲ್ಯಾಮಿನೇಟೆಡ್ ಗಾಜು. ಎರಡು ಪದರಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬೆಸೆದಿರುತ್ತಾರೆ. ಆದ್ದರಿಂದ ಅದು ಬಿರುಕು ಬಿಟ್ಟರೂ ಚೂರುಗಳು ಉದುರುವುದಿಲ್ಲ. ಬಹುತೇಕ ಸನ್‌ರೂಫ್‌ಗಳದ್ದು ಟೆಂಪರ್ಡ್ ಗಾಜು, ಅಂದರೆ 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಗಾಳಿಯ ಹೊಡೆತದಿಂದ ತಟ್ಟನೆ ತಣಿಸಿದ ಗಾಜು. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ಆಮೇಲೆ ತಣಿದು ಸೆಳೆದುಕೊಳ್ಳುತ್ತದೆ. ಹೀಗೆ ಮೇಲ್ಮೈ ಸದಾ ಒತ್ತಡದಲ್ಲೂ ಒಡಲು ಸದಾ ಎಳೆತದಲ್ಲೂ ಇರುತ್ತದೆ. ಸಾಮಾನ್ಯ ಗಾಜಿಗಿಂತ ಇದು ಹಲವು ಪಟ್ಟು ಬಲವಾದದ್ದು. ಆದರೆ ಒಂದು ಸಣ್ಣ ಗಾಯ ಮೇಲ್ಮೈಯ ಒತ್ತಡದ ಪದರವನ್ನು ದಾಟಿ ಒಳಗೆ ಇಳಿಯಿತೆಂದರೆ, ಕೂಡಿಟ್ಟ ಶಕ್ತಿಯೆಲ್ಲ ಒಂದೇ ಕ್ಷಣಕ್ಕೆ ಬಿಡುಗಡೆಯಾಗಿ ಇಡೀ ಹಾಳೆ ಚೂರಾಗುತ್ತದೆ.

ಆ ಗಾಯಕ್ಕೆ ಕಲ್ಲೇ ಬೇಕೆಂದಿಲ್ಲ. ಗಾಜು ತಯಾರಾಗುವಾಗ ಒಳಗೆ ಸೇರಿಕೊಂಡ ನಿಕ್ಕಲ್ ಸಲ್ಫೈಡಿನ ಕಣವೊಂದು ತಿಂಗಳುಗಳ ಅಥವಾ ವರ್ಷಗಳ ಬಳಿಕ ಹರಳಿನ ರೂಪ ಬದಲಿಸಿ ತುಸು ಹಿಗ್ಗಿದರೂ ಸಾಕು. ಕಟ್ಟಡಗಳ ಗಾಜಿನಲ್ಲಿ ಈ ದೋಷ ಎಷ್ಟು ಪರಿಚಿತವೆಂದರೆ, ಅಂಥ ಹಾಳೆಗಳನ್ನು ಬಳಕೆಗೆ ಮುನ್ನ ಬಿಸಿಯಲ್ಲಿಟ್ಟು, ಒಡೆಯುವಂಥವು ಕಾರ್ಖಾನೆಯಲ್ಲೇ ಒಡೆದುಹೋಗಲೆಂದು ಕಾಯುವ ಪರೀಕ್ಷೆಯೇ ಇದೆ. ಅಂಚಿನಲ್ಲಿ ಕೂಡಿಸುವಾಗ ಆದ ಸಣ್ಣ ಚಕ್ಕೆಯೂ ಕಾರಣವಾಗಬಹುದು, ಚೌಕಟ್ಟಿನ ಬಿಗಿತವೂ ಕಾರಣವಾಗಬಹುದು. ಗಾಜಿನ ಸುತ್ತ ಕಾಣುವ ಕಪ್ಪು ಸೆರಾಮಿಕ್ ಬಣ್ಣದ ಪಟ್ಟಿಯ ಮೇಲೂ ಅನುಮಾನವಿದೆ. ಆ ಲೇಪನವಿರುವೆಡೆ ಗಾಜು ದುರ್ಬಲವಾಗುತ್ತದೆಂಬ ವಾದವನ್ನು ದಕ್ಷಿಣ ಕೊರಿಯಾ ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆಯವರೆಗೂ ಕೊಂಡೊಯ್ದಿತು. ಛಾವಣಿ ಚಿಕ್ಕ ಕಿಟಕಿಯಷ್ಟಿದ್ದಾಗ ಈ ಸಾಧ್ಯತೆಗಳೆಲ್ಲ ಸಣ್ಣವು. ಮುಂದಿನ ಆಸನದಿಂದ ಹಿಂದಿನ ಆಸನದವರೆಗೆ ಗಾಜನ್ನೇ ಹಾಸುವ ಪನೋರಮಿಕ್ ಛಾವಣಿ ಬಂದ ಮೇಲೆ ಗಾಜಿನ ವಿಸ್ತೀರ್ಣ ಬೆಳೆಯಿತು, ಅದರೊಡನೆ ಅಪಾಯವೂ.

ಇದು ಒಬ್ಬಿಬ್ಬರ ದೂರಲ್ಲ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2017ರಲ್ಲಿ ಸರ್ಕಾರಿ ದೂರುಗಳ ಕಡತವನ್ನು ಶೋಧಿಸಿ, 1995ರಿಂದೀಚೆಗೆ ಸನ್‌ರೂಫ್ ಸಿಡಿದ ಕನಿಷ್ಠ 859 ಪ್ರಕರಣಗಳನ್ನು ಎಣಿಸಿತು. ಅವು ಯಾವುದೋ ಒಂದು ಕಂಪನಿಯ ವಾಹನಗಳಾಗಿರಲಿಲ್ಲ. ಅಗ್ಗದವೂ ಇದ್ದವು, ಐಷಾರಾಮದವೂ ಇದ್ದವು. ಹ್ಯುಂಡೈ ತನ್ನ ವೆಲೋಸ್ಟರ್ ಕಾರುಗಳನ್ನು ಇದೇ ಕಾರಣಕ್ಕೆ 2012ರಲ್ಲಿ ಹಿಂದಕ್ಕೆ ಕರೆಸಿಕೊಂಡಿತ್ತು. ಹೆದ್ದಾರಿ ಸುರಕ್ಷತೆಯ ಕೇಂದ್ರ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ 2013ರಲ್ಲಿ ಕಿಯಾ ಸೊರೆಂಟೊ ವಾಹನಗಳ ಬಗ್ಗೆ ತನಿಖೆ ಆರಂಭಿಸಿ, ಮುಂದೆ ಇತರ ತಯಾರಕರಿಂದಲೂ ಮಾಹಿತಿ ಕೇಳಿತು. ಇಷ್ಟಾದರೂ ಛಾವಣಿಗೆ ಲ್ಯಾಮಿನೇಟೆಡ್ ಗಾಜನ್ನೇ ಹಾಕಬೇಕೆಂಬ ಕಡ್ಡಾಯ ಬರಲಿಲ್ಲ. ಕೆಲವು ತಯಾರಕರು ತಾವಾಗಿಯೇ ಹಾಕುತ್ತಾರೆ, ಉಳಿದವರು ಹಾಕುವುದಿಲ್ಲ. ಕೊಳ್ಳುವವರಿಗೆ ಯಾವುದು ಯಾವುದೆಂದು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ.

ಇನ್ನು ಗಾಜು ಬದಲಿಸುವ ಕೆಲಸ. ಇಲ್ಲಿಯೇ ಸಾಮಾನ್ಯರ ತಿಳಿವಳಿಕೆಗೂ ವ್ಯಾಪಾರದ ಲೆಕ್ಕಕ್ಕೂ ನಡುವಿನ ಅಂತರ ಎದ್ದು ಕಾಣುತ್ತದೆ. ಬಹಳಷ್ಟು ಕಾರುಗಳಲ್ಲಿ ತೆರೆದು ಮುಚ್ಚುವ ಗಾಜಿನ ಹಾಳೆ ನಾಲ್ಕಾರು ತಿರುಪುಗಳ ಮೇಲೆ ನಿಂತಿರುತ್ತದೆ. ಬಿಚ್ಚಿ, ಹೊಸದನ್ನು ಕೂರಿಸಿ, ಬಿಗಿ ಮಾಡುವುದು ಅರ್ಧ ಗಂಟೆಯ ಕೆಲಸ. ಕಷ್ಟವಿರುವುದು ಅದರ ಹಿಂದುಮುಂದಿನ ಕೆಲಸದಲ್ಲಿ. ಹಳಿಗಳ ಜಿಡ್ಡಿಗೆ ಅಂಟಿಕೊಂಡ ಚೂರುಗಳನ್ನು ಒಂದೊಂದಾಗಿ ತೆಗೆಯಬೇಕು; ತೆಗೆಯುವ ಮುನ್ನ ಯಾರಾದರೂ ಗುಂಡಿ ಒತ್ತಿ ಛಾವಣಿಯನ್ನು ಓಡಿಸಿದರೆ ಎಳೆಯುವ ತಂತಿ ಕೆಟ್ಟು ಸಣ್ಣ ದುರಸ್ತಿ ದೊಡ್ಡದಾಗುತ್ತದೆ. ಮೂಲೆಗಳಿಂದ ಕಂಬಗಳೊಳಗೆ ಇಳಿಯುವ ನೀರಿನ ಕೊಳವೆಗಳಲ್ಲಿ ಗಾಜು ಸಿಕ್ಕಿಕೊಂಡಿದ್ದರೆ ಮುಂದಿನ ಮಳೆಗೆ ಕಾಲಡಿಯ ಹಾಸು ನೆನೆದು ಮುಗ್ಗಲು ಹಿಡಿಯುತ್ತದೆ. ಹೊಸ ಗಾಜಿನ ಮುಂದಿನ ಅಂಚು ಛಾವಣಿಯ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೂ ಹಿಂದಿನ ಅಂಚು ಅಷ್ಟೇ ಮೇಲೂ ನಿಲ್ಲದಿದ್ದರೆ ವೇಗದಲ್ಲಿ ಗಾಳಿ ಸಿಳ್ಳೆ ಹಾಕುತ್ತದೆ. ಬೆರಳು ಸಿಕ್ಕಿದರೆ ತಾನಾಗಿ ಹಿಂದಿರುಗಬೇಕಾದ ಮೋಟಾರಿಗೆ ತನ್ನ ಹಾದಿಯನ್ನು ಮತ್ತೆ ಕಲಿಸಬೇಕು. ಕೊನೆಗೆ ನೀರು ಸುರಿದು ಪರೀಕ್ಷಿಸಬೇಕು. ಇದು ತಾಳ್ಮೆಯ ಕೈಕೆಲಸ. ಅಮೆರಿಕದ ನಗರಗಳಲ್ಲಿ ವ್ಯಾನಿನಲ್ಲಿ ಮನೆಬಾಗಿಲಿಗೆ ಬಂದು ಇದನ್ನು ಮಾಡುವ ಕೈಗಳಲ್ಲಿ ವಲಸಿಗರ ಕೈಗಳೂ ಬಹಳ. ಛಾವಣಿಗೆ ಅಂಟಿನಿಂದಲೇ ಬೆಸೆದ ಸ್ಥಿರ ಗಾಜಾದರೆ ಅಂಟು ಕೊಯ್ದು ತೆಗೆದು, ಹೊಸ ಅಂಟು ಗಟ್ಟಿಯಾಗುವವರೆಗೆ ವಾಹನವನ್ನು ಓಡಿಸದೆ ಕಾಯಬೇಕು.

ಆದರೆ ಸೇವಾಕೇಂದ್ರದ ಅಂದಾಜುಪಟ್ಟಿಯಲ್ಲಿ ಈ ಕೈಕೆಲಸಕ್ಕಿಂತ ದೊಡ್ಡದಾಗಿ ಕಾಣುವುದು ಬಿಡಿಭಾಗದ ಬೆಲೆ. ಕೆಲವು ಮಾದರಿಗಳಿಗೆ ಗಾಜಿನ ಹಾಳೆಯನ್ನು ಪ್ರತ್ಯೇಕವಾಗಿ ಮಾರುವುದೇ ಇಲ್ಲ. ಹಳಿ, ಮೋಟಾರು, ಚೌಕಟ್ಟು ಸಮೇತ ಇಡೀ ಜೋಡಣೆಯನ್ನೇ ಕೊಳ್ಳಬೇಕು. ಆಗ ಒಳಛಾವಣಿಯ ಹೊದಿಕೆಯನ್ನು ಪೂರ್ತಿ ಇಳಿಸಬೇಕಾಗುತ್ತದೆ, ಕೂಲಿ ಗಂಟೆಗಳು ಬೆಳೆಯುತ್ತವೆ, ಮೊತ್ತ ಹಲವು ಸಾವಿರ ಡಾಲರಿಗೆ ಏರುತ್ತದೆ. ಬಾಗಿಲಿನ ಗಾಜು ಒಡೆದರೆ ಬಾಗಿಲನ್ನೇ ಕೊಳ್ಳಿರೆಂದು ಹೇಳುವ ಧೈರ್ಯ ಯಾವ ಕಂಪನಿಗೂ ಇಲ್ಲ. ಛಾವಣಿಯ ವಿಷಯದಲ್ಲಿ ಆ ಧೈರ್ಯ ಬಂದದ್ದು ಕೇಳುವವರು ಕಡಿಮೆ ಇರುವುದರಿಂದ.

ವಿಮೆಯಿದೆಯಲ್ಲ ಎನ್ನುವವರುಂಟು. ಅಮೆರಿಕದಲ್ಲಿ ಸಮಗ್ರ ವಿಮೆ ಇದನ್ನು ಭರಿಸುತ್ತದೆ, ನಿಜ. ಆದರೆ ಮೊದಲ 500 ಅಥವಾ 1,000 ಡಾಲರನ್ನು ಮಾಲೀಕರೇ ಕೊಡುವ ಕರಾರು ಸಾಮಾನ್ಯ. ಫ್ಲಾರಿಡಾದ ಕಾನೂನು ಮುಂಗಾಜಿಗೆ ಈ ಕಡಿತವನ್ನು ರದ್ದು ಮಾಡಿದೆ, ಛಾವಣಿಯ ಗಾಜಿಗೆ ಆ ರಿಯಾಯಿತಿ ಇಲ್ಲ. ಜರ್ಮನಿಯ ಭಾಗಶಃ ವಿಮೆಯಲ್ಲಿ ಗಾಜಿನ ಒಡೆತ ಸೇರಿರುತ್ತದೆ; ಬ್ರಿಟನ್ನಿನಲ್ಲಿ ಕೆಲವು ಪಾಲಿಸಿಗಳ ಸಣ್ಣಕ್ಷರಗಳು ಸನ್‌ರೂಫನ್ನು ಮುಂಗಾಜಿನ ರಕ್ಷಣೆಯಿಂದ ಹೊರಗಿಡುತ್ತವೆ. ಹಳೆಯ ಕಾರು ಕೊಂಡು, ಕಾನೂನು ಕೇಳುವಷ್ಟೇ ಕನಿಷ್ಠ ವಿಮೆ ಮಾಡಿಸಿ ಓಡಿಸುವ ವಿದ್ಯಾರ್ಥಿಗೋ ಗಿಗ್ ಕಾರ್ಮಿಕರಿಗೋ ಅಮೆರಿಕದಲ್ಲಿ ಏನೂ ಸಿಗುವುದಿಲ್ಲ. ಅವರ ಕಾರಿನ ನೆತ್ತಿಯ ಮೇಲೆ ತಿಂಗಳುಗಟ್ಟಲೆ ಪ್ಲಾಸ್ಟಿಕ್ ಹಾಳೆ ಪಟಪಟಿಸುತ್ತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಮೆ ಕೊಡುವ ಹಣ ಸಮಾಜದ ಹಣ. ತಯಾರಿಕೆಯ ದೋಷವೊಂದು ವಿಮೆಯ ಕಂತುಗಳಲ್ಲಿ ಕರಗಿಹೋದರೆ ದೋಷ ಮಾಡಿದವರ ಲೆಕ್ಕದಲ್ಲಿ ಅದು ಎಲ್ಲೂ ನಮೂದಾಗುವುದಿಲ್ಲ.

ಇಲ್ಲಿ ದುರಸ್ತಿಯ ಹಕ್ಕಿನ ಹೋರಾಟ ಪ್ರಸ್ತುತವಾಗುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ನೂರಕ್ಕೆ 86ರಷ್ಟು ಬಹುಮತದಿಂದ, ಕಾರು ತಯಾರಕರು ದುರಸ್ತಿಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಕೊಡಬೇಕೆಂದು ತೀರ್ಪಿತ್ತರು. 2020ರಲ್ಲಿ ನಿಸ್ತಂತು ಮಾಹಿತಿಗೂ ಆ ಹಕ್ಕನ್ನು ವಿಸ್ತರಿಸಿದರು. ಆಗಲೂ ಬಹುಮತ ಮುಕ್ಕಾಲು ಪಾಲು. ತಯಾರಕರ ಒಕ್ಕೂಟ ನ್ಯಾಯಾಲಯಕ್ಕೆ ಹೋಯಿತು, ಮೊಕದ್ದಮೆ ವಜಾ ಆಗಲು 2025ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಆಸ್ಟ್ರೇಲಿಯ 2022ರ ಜುಲೈ 1ರಿಂದ ಇಂಥದೇ ಮಾಹಿತಿ ಹಂಚಿಕೆಯನ್ನು ಕಡ್ಡಾಯ ಮಾಡಿದೆ. ಯುರೋಪಿನ ಒಕ್ಕೂಟ 2024ರ ವಿನ್ಯಾಸ ಕಾನೂನಿನಲ್ಲಿ, ವಾಹನದ ಮೂಲರೂಪವನ್ನು ಮರಳಿಸುವ ಬಿಡಿಭಾಗಗಳನ್ನು ಇತರರೂ ತಯಾರಿಸಲು ದಾರಿ ಬಿಟ್ಟಿದೆ. ಈ ಕಾನೂನುಗಳೆಲ್ಲ ಬಂದದ್ದು ಗ್ಯಾರೇಜು ನಡೆಸುವವರ, ಗ್ರಾಹಕ ಸಂಘಗಳ, ಬಿಡಿಭಾಗ ವ್ಯಾಪಾರಿಗಳ ವರ್ಷಗಟ್ಟಲೆಯ ಒತ್ತಡದಿಂದ.

ಭಾರತವೂ ಈ ಚರ್ಚೆಗೆ ಹೊಸದಲ್ಲ. ಶಂಶೇರ್ ಕಟಾರಿಯಾ ಎಂಬ ಗ್ರಾಹಕರು ಕೊಟ್ಟ ದೂರಿನಿಂದ ಆರಂಭವಾದ ಪ್ರಕರಣದಲ್ಲಿ, ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದ 14 ಕಾರು ಕಂಪನಿಗಳಿಗೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ದಂಡದ ಮೊತ್ತ ಮೇಲ್ಮನವಿಗಳಲ್ಲಿ ಸಿಲುಕಿತಾದರೂ, ಬಿಡಿಭಾಗವನ್ನು ಬಚ್ಚಿಡುವುದು ಗ್ರಾಹಕರ ಮೇಲಿನ ಅನ್ಯಾಯವೆಂಬ ಮಾತು ಅಧಿಕೃತ ಕಡತದಲ್ಲಿ ದಾಖಲಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಸಾಲಿನಲ್ಲಿ ಬೇಕಾದ ಭಾಗವೊಂದನ್ನೇ ಹುಡುಕಿ ಕೊಳ್ಳಬಹುದೆಂಬ ಅನುಭವ ಇರುವವರಿಗೆ ‘ಇಡೀ ಜೋಡಣೆಯೇ ಬೇಕು’ ಎಂಬ ಮಾತು ವಿಚಿತ್ರವಾಗಿ ಕೇಳಬೇಕಿತ್ತು. ಈಗ ಅಲ್ಲಿಯೂ ಸನ್‌ರೂಫ್ ಪ್ರತಿಷ್ಠೆಯ ಗುರುತು. ಚಲಿಸುವ ಕಾರಿನ ಛಾವಣಿಯಿಂದ ಮಕ್ಕಳನ್ನು ಹೊರಗೆ ನಿಲ್ಲಿಸುವ ಹುಚ್ಚಿನ ಮುಂದೆ ಗಾಜಿನ ಗುಣಮಟ್ಟದ ಪ್ರಶ್ನೆ ಯಾರ ಕಿವಿಗೂ ಬೀಳುತ್ತಿಲ್ಲ.

ತಯಾರಕರ ಪರವಾಗಿ ಹೇಳಬಹುದಾದದ್ದನ್ನೂ ಹೇಳಬೇಕು. ಲ್ಯಾಮಿನೇಟೆಡ್ ಗಾಜು ದುಬಾರಿ. ಅಪಘಾತದಲ್ಲಿ ಛಾವಣಿಯ ಮೂಲಕ ಹೊರಬರಬೇಕಾದ ಸಂದರ್ಭ ಬಂದರೆ ಅದನ್ನು ಒಡೆಯುವುದೂ ಕಷ್ಟ. ಟೆಂಪರ್ಡ್ ಗಾಜಿನ ಚೂರುಗಳಿಗೆ ಕತ್ತಿಯಂಥ ಅಲಗುಗಳಿರುವುದಿಲ್ಲವೆಂಬುದೂ ಸತ್ಯ. ಆದರೆ ಉರುಳಿದ ಕಾರಿನಲ್ಲಿ ಟೆಂಪರ್ಡ್ ಛಾವಣಿ ಮೊದಲು ಮಾಯವಾಗಿ, ಬೆಲ್ಟ್ ಹಾಕದ ಪ್ರಯಾಣಿಕರು ಹೊರಕ್ಕೆ ಎಸೆಯಲ್ಪಡುವ ಅಪಾಯದ ಮುಂದೆ ಈ ವಾದಗಳು ಹಗುರ. ಹೊರಗೆ ಎಸೆಯಲ್ಪಡುವುದನ್ನು ತಡೆಯುವ ಅಮೆರಿಕದ ನಿಯಮ ಪಕ್ಕದ ಕಿಟಕಿಗಳನ್ನು ಒಳಗೊಂಡಿದೆ, ಛಾವಣಿಯನ್ನಲ್ಲ. ದುಬಾರಿ ಎಂಬ ಮಾತಂತೂ, ಸನ್‌ರೂಫ್‌ಗೆಂದೇ ಹೆಚ್ಚುವರಿ ಹಣ ಪಡೆಯುವವರ ಬಾಯಲ್ಲಿ ಶೋಭಿಸುವುದಿಲ್ಲ.

ಕನ್ನಡ ವಲಸಿಗ ಸಮುದಾಯದಲ್ಲಿ ಈ ವಿಷಯ ಚರ್ಚೆಗೆ ಬಾರದಿರಲು ಕಾರಣವೊಂದಿದೆ. ಸಿಡಿದ ಗಾಜು ಇಲ್ಲಿ ವೈಯಕ್ತಿಕ ಕಿರಿಕಿರಿ. ಕಾರ್ಡ್ ಉಜ್ಜಿದರೆ ಮುಗಿಯಿತು. ರೈತರ ಬೆಲೆ, ಕಾರ್ಮಿಕರ ಕೂಲಿ, ಕಾರ್ಪೊರೇಟ್ ಏಕಸ್ವಾಮ್ಯದ ಬಗ್ಗೆ ಖಚಿತ ನಿಲುವುಳ್ಳವರೂ ತಮ್ಮ ವಾಹನದ ಬಿಲ್ಲಿನಲ್ಲಿ ಆ ಏಕಸ್ವಾಮ್ಯವನ್ನು ಗುರುತಿಸದೆ ಸಹಿ ಹಾಕುತ್ತಾರೆ. ವೀಸಾದ ಅನಿಶ್ಚಿತತೆಯಲ್ಲಿ ಬದುಕುವವರು ಯಾವ ದೂರಿನಲ್ಲೂ ತಮ್ಮ ಹೆಸರು ಬೇಡವೆಂದು ಹಿಂಜರಿಯುವುದು ಅರ್ಥವಾಗುವಂಥದ್ದು. ಹಸಿರು ಕಾರ್ಡೂ ಪೌರತ್ವವೂ ದೊರೆತ ಮೇಲೆ ಅದೇ ಹಿಂಜರಿಕೆ ಅಭ್ಯಾಸವಾಗಿ ಉಳಿಯುವುದಕ್ಕೆ ಅಷ್ಟು ಸುಲಭದ ಸಮರ್ಥನೆ ಇಲ್ಲ. ಆ 859 ಪ್ರಕರಣಗಳು ಲೆಕ್ಕಕ್ಕೆ ಸಿಕ್ಕಿದ್ದು ಅಷ್ಟು ಜನ ಕುಳಿತು ದೂರು ಬರೆದದ್ದರಿಂದ.

ಎನ್‌ಎಚ್‌ಟಿಎಸ್‌ಎಗೆ ದೂರು ಸಲ್ಲಿಸಲು ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ದೂರುದಾರರ ಹೆಸರನ್ನು ಸಾರ್ವಜನಿಕ ಕಡತದಲ್ಲಿ ಪ್ರಕಟಿಸುವುದೂ ಇಲ್ಲ. ಕಾರಿನ ಗುರುತು ಸಂಖ್ಯೆ, ದಿನಾಂಕ, ವೇಗ, ಹವೆ ಇಷ್ಟು ಬರೆದರೆ ಸಾಕು. ತೊಡಕಿರುವುದು ಸಾಕ್ಷ್ಯದಲ್ಲಿ. ಬಿರುಕು ಎಲ್ಲಿಂದ ಹೊರಟಿತೆಂಬುದನ್ನು ಹೇಳಬಲ್ಲವು ಚೂರುಗಳು ಮಾತ್ರ, ದುರಸ್ತಿಯ ಮೊದಲ ಹೆಜ್ಜೆಯೇ ಅವುಗಳನ್ನು ವ್ಯಾಕ್ಯೂಮಿನಿಂದ ಹೀರಿ ಎಸೆಯುವುದು. ಆದ್ದರಿಂದ ಗುಡಿಸುವ ಮುನ್ನ ಚೌಕಟ್ಟಿನಲ್ಲಿ ಉಳಿದ ಗಾಜಿನ ಚಿತ್ರಗಳನ್ನು ಎಲ್ಲ ಬದಿಗಳಿಂದಲೂ ತೆಗೆಯಬೇಕು. ಚೂರುಗಳನ್ನು ಚೀಲವೊಂದರಲ್ಲಿ ಕಟ್ಟಿಡಬೇಕು. ಗಾಜಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ತಯಾರಕರ ಸಂಕೇತ ಇರುವ ತುಂಡು ಸಿಕ್ಕರೆ ಅದನ್ನು ಬೇರೆಯಾಗಿ ತೆಗೆದಿಟ್ಟುಕೊಳ್ಳಬೇಕು. ಆ ಗಾಜನ್ನು ತಯಾರಿಸಿದ ಕಾರ್ಖಾನೆ ಯಾರದೆಂದು ಪತ್ತೆಹಚ್ಚಲು ನೆರವಾಗುವುದು ಅದೊಂದೇ ತುಂಡು.