ಹಳಿಯ ಮಗ್ಗುಲಿನ ಹೊಲ



2025ರ ಮೇ 15ರಂದು ಕುಷ್ಟಗಿಯ ಹೊಸ ನಿಲ್ದಾಣದಿಂದ ಹುಬ್ಬಳ್ಳಿಗೆ ಮೊದಲ ಪ್ರಯಾಣಿಕರ ರೈಲು ಹೊರಟಾಗ ನಮ್ಮ ಭಾಗದ ಹಿರಿಯರ ಕಣ್ಣು ತೇವಗೊಂಡದ್ದು ಸಹಜವೇ ಆಗಿತ್ತು. 1880ರ ದಶಕದಲ್ಲಿ ಗದಗ–ಹೊಸಪೇಟೆ ಮಾರ್ಗವಾದಾಗ ಕೊಪ್ಪಳ ರೈಲನ್ನು ಕಂಡಿತು. ಗಂಗಾವತಿ, ಯಲಬುರ್ಗಾ, ಕುಷ್ಟಗಿಗಳು ಮಾತ್ರ ನೂರು ವರ್ಷಕ್ಕೂ ಮಿಕ್ಕಿ ಕಾದು ಕುಳಿತವು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. 2013-14ರಲ್ಲಿ ಮಂಜೂರಾದ ಗದಗ–ವಾಡಿ ಮಾರ್ಗವು ತಳಕಲ್ಲಿನಿಂದ ಕುಕನೂರು, ಯಲಬುರ್ಗಾಗಳನ್ನು ಹಾಯ್ದು ಕುಷ್ಟಗಿಯನ್ನು ಮುಟ್ಟಿದೆ. ಈ ಸಂಭ್ರಮದಲ್ಲಿ ನಾವೂ ಪಾಲುದಾರರು. ಆದರೆ ಈ ತಿಂಗಳು ನಾವು ಬರೆಯಹೊರಟಿರುವುದು ರೈಲನ್ನು ಕುರಿತಲ್ಲ, ಅದರ ಮಗ್ಗುಲಿನ ಹೊಲಗಳನ್ನು ಕುರಿತು.

ಮಹಾನಗರಗಳಲ್ಲಿ ರೈಲ್ವೆಯ ಜಮೀನೇ ವ್ಯಾಪಾರದ ವಸ್ತುವಾಗಿದೆ. ಬಳಕೆಯಲ್ಲಿಲ್ಲದ ರೈಲ್ವೆ ಭೂಮಿಯನ್ನು ದೀರ್ಘ ಗುತ್ತಿಗೆಗೆ ಕೊಡಲೆಂದೇ 2005ರ ತಿದ್ದುಪಡಿ ಕಾಯ್ದೆಯ ಮೂಲಕ ಒಂದು ಪ್ರಾಧಿಕಾರ ಏರ್ಪಟ್ಟಿದೆ. ಅಂತಹ ಭೂಮಿಯ ಮೇಲೆ ಬಹುಮಹಡಿಯ ಮನೆಗಳೂ ಮಳಿಗೆಗಳೂ ಏಳುತ್ತವೆ. ನಮ್ಮಲ್ಲಿ ನಡೆದಿರುವ ಆಟವೇ ಬೇರೆ. ಇಲ್ಲಿ ಹಳಿಗೆ ಬೇಕಾದದ್ದು ಒಂದು ಕಿರಿದಾದ ಪಟ್ಟಿ. ಅದರ ಎರಡೂ ಕಡೆಯ ರೈತರ ಎರೆಭೂಮಿಯೇ ಜೂಜಿನ ಹಾಸು.

ಯಲಬುರ್ಗಾ ಕಡೆಯ ಒಂದು ಹಳ್ಳಿಗೆ ಶಿವಾನುಭವ ಗೋಷ್ಠಿಗೆಂದು ಹೋದಾಗ ಪರಿಚಿತ ಹಿರಿಯರೊಬ್ಬರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದೆವು. ಅವರಿಗೆ ನಾಲ್ಕು ಎಕರೆ ಹೊಲವಿತ್ತು. ಹಿಂಗಾರಿಗೆ ಬಿಳಿಜೋಳ, ಕಡಲೆ. ಮಾರ್ಗದ ಗುರುತಿನ ಕಲ್ಲುಗಳು ಬಿದ್ದ ವರ್ಷ ದಲ್ಲಾಳಿಯೊಬ್ಬ ಬಂದು, "ಯಜಮಾನ್ರೇ, ಹೊಲ ರೈಲಿಗೆ ಹೋಗತೈತಿ, ಸರಕಾರ ಕೊಡೂದು ಪುಡಿಗಾಸು, ಈಗಲೇ ಕೊಟ್ಟುಬಿಡ್ರಿ" ಎಂದನಂತೆ. ಇವರು ಸಂಚಕಾರ ಹಿಡಿದರು. ಖರೀದಿ ಪತ್ರದಲ್ಲಿ ಬರೆದದ್ದು ಸರಕಾರಿ ದರ, ಉಳಿದದ್ದು ಕೈಗೆ ನಗದು. ಹಳಿ ಬಂದದ್ದು ಆ ಹೊಲದಿಂದ ಅರ್ಧ ಕಿಲೋಮೀಟರು ಆಚೆ! ಈಗ ಅಲ್ಲಿ ಬಣ್ಣದ ಕಲ್ಲುಗಳೂ ಒಂದು ಕಮಾನೂ ನಿಂತಿವೆ. ಗುಂಟೆಯ ಬೆಲೆಯನ್ನು ಹೇಳುವಾಗ ಹಿರಿಯರು ತಟ್ಟೆಯಿಂದ ಕೈ ತೆಗೆದರು.

ಇದರಲ್ಲಿ ದಲ್ಲಾಳಿಯ ಮೋಸ ಎಲ್ಲರಿಗೂ ಕಾಣುತ್ತದೆ. ನಮಗೆ ಹೆಚ್ಚು ನೋವಾದದ್ದು ಪತ್ರದಲ್ಲಿ ಬರೆದ ದರದಿಂದ. 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರ ಗೊತ್ತುಮಾಡುವಾಗ ಹಿಂದಿನ ಮೂರು ವರ್ಷಗಳಲ್ಲಿ ಆಸುಪಾಸಿನಲ್ಲಿ ನೋಂದಾದ ಖರೀದಿ ಪತ್ರಗಳನ್ನು ತೆಗೆದುಕೊಂಡು, ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟರ ಸರಾಸರಿಯನ್ನು ನೋಡುತ್ತಾರೆ. ಸರಕಾರದ ಮಾರ್ಗಸೂಚಿ ದರ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಹಿಡಿಯುತ್ತಾರೆ. ಗ್ರಾಮೀಣ ಭೂಮಿಗೆ ಆ ಬೆಲೆ ಎರಡು ಪಟ್ಟಿನವರೆಗೂ ಏರಬಹುದು. ಅದರ ಮೇಲೆ ನೂರಕ್ಕೆ ನೂರು ಸಾಂತ್ವನ ಧನವೂ ಉಂಟು. ಆದರೆ ಮೂಲದ ಅಂಕಿಯೇ ಸುಳ್ಳಾದರೆ ಎಷ್ಟು ಪಟ್ಟು ಮಾಡಿದರೇನು? ಮುದ್ರಾಂಕದ ನಾಲ್ಕು ಕಾಸು ಉಳಿಸಲೆಂದು ಒಬ್ಬರು ಬೆಲೆ ಮುಚ್ಚಿಟ್ಟರೆ, ನಾಳೆ ರಸ್ತೆಗೋ ಕಾಲುವೆಗೋ ಭೂಮಿ ಕಳೆದುಕೊಳ್ಳುವ ಇಡೀ ಊರಿಗೆ ಅದು ತಟ್ಟುತ್ತದೆ. ಕಳ್ಳಬೆಲೆಯನ್ನು ಬರೆಸಿದವರು ನಾವೇ, ಸರಕಾರ ಕಡಿಮೆ ಕೊಟ್ಟಿತೆಂದು ಧರಣಿ ಕೂಡುವವರೂ ನಾವೇ.

ಕೊಳ್ಳುವವರ ಪಾಡೂ ಹಗುರವಲ್ಲ. ಶಾಲಾ ಶಿಕ್ಷಕರು, ಬ್ಯಾಂಕಿನ ನೌಕರರು ಮನೆಯಾಕೆಯ ಬಂಗಾರ ಅಡವಿಟ್ಟು ಕಮಾನಿನ ಒಳಗಿನ ಒಂದು ಸೈಟಿಗೆ ಹಣ ಕಟ್ಟುತ್ತಾರೆ. ಎನ್.ಎ. ಆದೇಶ ಕೇಳಿದರೆ "ಆಗತೈತಿ" ಎಂಬ ಉತ್ತರ. ಮಂಜೂರಾದ ನಕ್ಷೆ ಕೇಳಿದರೆ ಬಣ್ಣದ ಕರಪತ್ರ. 500 ಚದರ ಮೀಟರಿಗೆ ಮಿಕ್ಕಿದ ಬಡಾವಣೆಯನ್ನು ಮಾರಾಟಕ್ಕೆ ಮುಂಚೆ ರೇರಾದಲ್ಲಿ ನೋಂದಾಯಿಸಬೇಕೆಂಬುದು 2016ರ ಕಾಯ್ದೆಯ ನಿಯಮ. ಬರಿಯ ಅಧಿಕಾರ ಪತ್ರದ ಮೇಲೆ ಕೊಂಡರೆ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ಹೇಳಿದೆ. ಇಷ್ಟನ್ನು ಕೇಳಲು ಸಂಕೋಚವೇಕೆ? ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವ ಜನ ನಾವು.

ಹೀಗೆ ಬರೆಯುವಾಗ ಇದೇ ಸೀಮೆಯ, ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ ಶರಣರು ನೆನಪಾಗುತ್ತಾರೆ. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ತಾಯಿ ಹಿಂದಕ್ಕೆ ಕಳುಹಿದ ಪ್ರಸಂಗ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಮನೆಯ ಹೆಣ್ಣುಮಗಳ ಮಾತು ಅಂದು ನಡೆಯುತ್ತಿತ್ತು.

ಆ ಹಿರಿಯರ ಮನೆಯಲ್ಲಿ ನಡೆಯಲಿಲ್ಲ. ಕುಷ್ಟಗಿ ತಾಲೂಕಿಗೆ ಕೊಟ್ಟ ಅವರ ತಂಗಿಯ ರುಜು ಖರೀದಿ ಪತ್ರದಲ್ಲಿ ಇಲ್ಲ; ಆಕೆಯನ್ನು ಕೇಳಿಯೂ ಇಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲಿ ಬಂತು, ದೇಶಕ್ಕೆಲ್ಲ 2005ರಲ್ಲಿ. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಅಳಿಯದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. "ಮದುವಿಯೊಳಗ ಬಂಗಾರ ಹಾಕೇವಲ್ಲ" ಎಂಬ ಮಾತು ಅಲ್ಲಿ ನಿಲ್ಲದು. ತಂಗಿ ದಾವೆ ಹೂಡಿದ್ದಾರೆ. ಸೈಟು ಕೊಂಡವರೂ ಈಗ ಅದರಲ್ಲಿ ಪ್ರತಿವಾದಿಗಳು.

ನಾವು ಏಳುವಾಗ ಹಿರಿಯರ ಮಡದಿ ಬಾಗಿಲವರೆಗೆ ಬಂದರು. ಹಣ ಟ್ರ್ಯಾಕ್ಟರಿಗೂ ಮಗನ ಮದುವೆಗೂ ತೀರಿತೆಂದರು. ಆಮೇಲೆ ದನಿ ತಗ್ಗಿಸಿ, "ಎರಡು ಪಂಚಮಿ ಆತ್ರಿ, ಆಕಿ ತವರಿಗೆ ಬಂದಿಲ್ಲ. ಉಂಡಿ ಕಟ್ಟಿ ಕಳಿಸಿದ್ರ ಡಬ್ಬಿ ಹಂಗ ವಾಪಸ್ ಬಂತು" ಎಂದರು.