ಎಸೆಯುವ ಕೈ, ಆರಿಸುವ ಕೈ



ಹೆಗ್ಗರಣೆ ಹತ್ತಿರದ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರು ಕೆಳಕ್ಕೆ ಧುಮುಕುತ್ತಾಳೆ. ಕಿವಿ ಕೆಪ್ಪಾಗುವಷ್ಟು ಸದ್ದು, ಅದಕ್ಕೇ ಕೆಪ್ಪಜೋಗ ಅನ್ನೋ ಹೆಸರು. (ಇಂಥ ಅಬ್ಬಿಯನ್ನು 1845ರಲ್ಲಿ ಲಷಿಂಗ್ಟನ್ ದೊರೆ ಬಂದು ‘ಕಂಡುಹಿಡಿದ’ನಂತೆ. ಅಲ್ಲೀತನಕ ನಮ್ಮೋರೆಲ್ಲ ಕಿವುಡರಾಗಿದ್ದರೇನೋ!)

ಮಳೆಗಾಲ ಮುಗಿದ ಮೇಲೆ ನಾವು ಏಳೆಂಟು ಹುಡುಗರು ಗೋಣಿಚೀಲ ಹಿಡಿದು ಅಲ್ಲಿಗೆ ಹೋದೆವು, ನೋಡಲು ಬಂದವರು ಬಿಸಾಕಿದ ಬಾಟಲಿ, ಕವರು ಆರಿಸೋಣ ಅಂತ. ನಾಲ್ಕು ಚೀಲ ತುಂಬಿತು. ಕಾರಿನಿಂದ ಇಳಿದ ಒಬ್ಬಾತ ನೀರು ಕುಡಿದು, ಖಾಲಿ ಬಾಟಲಿಯನ್ನ ನಮ್ಮ ಕಾಲಬುಡಕ್ಕೆ ಎಸೆದು ‘ಇದನ್ನೂ ಹಾಕ್ಕೊಳ್ರೋ’ ಅಂದ. ನಮ್ಮಲ್ಲಿ ಇಬ್ಬರು ಎಂ.ಎ. ಓದಿದವರು. ಆತ ಅದನ್ನು ಕೇಳಲಿಲ್ಲ. ಬಗ್ಗಿದ ಬೆನ್ನು ಕಂಡದ್ದೇ ಅವನಿಗೆ ಜಾತಿ ಗೊತ್ತಾಗಿಬಿಟ್ಟಿತು. ನಾವು ಎತ್ತಲಿಲ್ಲ, ಸುಮ್ಮನೆ ನೋಡ್ತಾ ನಿಂತೆವು. ಕಡೆಗೆ ಅವನ ಮಗಳೇ ಬಂದು ಎತ್ತಿ ಕಾರಿನೊಳಗೆ ಹಾಕಿದಳು.

ಸ್ವಚ್ಛತೆ, ಮರುಬಳಕೆ ಅನ್ನೋ ಮಾತು ಈಗ ಗೋಡೆಗೋಡೆಯ ಮೇಲಿದೆ. ಒಳ್ಳೇ ಮಾತೇ. ಆದರೆ ಎಸೆಯುವ ಕೈ ಒಂದು, ಆರಿಸುವ ಕೈ ಇನ್ನೊಂದು ಆಗಿರೋ ತನಕ ಅದು ಕೇರಿಯ ಹಳೇ ಕೆಲಸಕ್ಕೆ ಹೊಡೆದ ಹೊಸ ಬೋರ್ಡು ಅಷ್ಟೆ. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಹಂಚಿ ಮೇಲೆ ಕೆಳಗೆ ಕೂರಿಸುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿದ್ದರು. 1970ರ ದಶಕದಲ್ಲಿ ಮಂತ್ರಿ ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ದೇಶಕ್ಕೇ ಕಾನೂನು ಬಂತು. ಆಮೇಲೂ, 2010ರಲ್ಲಿ, ಸವಣೂರಿನಲ್ಲಿ ನಮ್ಮ ಅಣ್ಣಂದಿರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಲ್ಲಬೇಕಾಯಿತು.

ಹಾಗಾದರೆ ಕಸದ ತಂಟೆಯೇ ಬೇಡ, ಪೊರಕೆ ಬಿಸಾಕಿ ಪೆನ್ನು ಹಿಡೀರಿ ಅಂತಾರೆ ಕೆಲವು ಗೆಳೆಯರು. ಆ ಸಿಟ್ಟು ನಮ್ಮದೂ ಹೌದು. ಆದರೆ ನಮ್ಮ ಹಾಸ್ಟೆಲುಗಳ ಹಿತ್ತಲನ್ನ ಒಮ್ಮೆ ನೋಡಿ. ಅನ್ನ, ಸಾರು, ಹಾಲಿನ ಪಾಕೀಟು, ಗಡ್ಡ ಕೆರೆದ ಬ್ಲೇಡು ಎಲ್ಲ ಒಂದೇ ಡಬ್ಬಿಯಲ್ಲಿ. ಬೆಳಿಗ್ಗೆ ಅದಕ್ಕೆ ಕೈ ಹಾಕೋಳು ಯಾರ ಅವ್ವ? ಕಾರಿನವನಿಗೆ ಕೇಳುವ ಪ್ರಶ್ನೆಯನ್ನ ನಮಗೇ ಕೇಳಿಕೊಳ್ಳದಿದ್ದರೆ, ನೌಕರಿ ಸಿಕ್ಕ ಮಾರನೇ ದಿನ ಬಾಟಲಿ ಎಸೆಯೋರು ನಾವೇ. ಕಸ ಮಾಡಿದವನೇ ಹಸಿ, ಒಣ, ಅಪಾಯಕಾರಿ ಎಂದು ಬೇರ್ಪಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿತು. ಅದು ನಮಗೂ ಹೇಳಿದ್ದೇ.

ಇನ್ನು ಆರಿಸಿಯೂ ಮುಗಿಯದ ಕಸವಿದೆ. ನಮ್ಮ ಸೀಮೆಯ ಅಡಿಕೆಯನ್ನೇ ನೋಡಿ. ಅಪ್ಪ ಮರ ಹತ್ತಿ ಕೊನೆ ಕೊಯ್ದು, ಅವ್ವ ರಾತ್ರಿಯೆಲ್ಲ ಕೂತು ಸುಲಿದು ಕೊಟ್ಟ ಅಡಿಕೆ ಶಿರಸಿ ಪೇಟೆಗೆ ಹೋಗಿ, ಅಲ್ಲಿಂದ ಉತ್ತರದ ಪಾನ್ ಮಸಾಲೆ ಕಾರ್ಖಾನೆ ಸೇರುತ್ತದೆ. ಮತ್ತೆ ಮಿಂಚುವ ಪಾಕೀಟಾಗಿ ನಮ್ಮೂರ ಗೂಡಂಗಡಿಯಲ್ಲೇ ಬಂದು ನೇತಾಡುತ್ತದೆ. ತೋಟದವರಿಗೆ ದುಡ್ಡು, ಕಂಪೆನಿಗೆ ಲಾಭ, ನಮಗೆ ಕೂಲಿ, ಬಾಯಿಹುಣ್ಣು, ಖಾಲಿ ಪಾಕೀಟು. ಪದರಕ್ಕೆ ಪದರ ಅಂಟಿಸಿದ ಆ ಪಾಕೀಟನ್ನ ಗುಜರಿಯವನೂ ಮುಟ್ಟೋದಿಲ್ಲ. ಗುಟ್ಕಾ, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಪಾಕೀಟಿನಲ್ಲಿ ಮಾರಬಾರದೆಂದು 2011ರಲ್ಲೇ ನಿಯಮವಾಯಿತು. ಗೂಡಂಗಡಿಯ ದಾರಕ್ಕೆ ಮಾತ್ರ ಸುದ್ದಿ ಮುಟ್ಟಿಲ್ಲ. ಕೊಳೆರೋಗ ತಡೆಯಲು ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯ ಲೆಕ್ಕವನ್ನೂ ಕೇಳಬೇಕು. ಬಿಚ್ಚಿದ ಮೇಲೆ ಅದು ತೋಟದ ಒಡೆಯರ ಹೊಣೆ, ಕೂಲಿಯವರದ್ದಲ್ಲ.

ನೀಲಗಿರಿ ಜಿಲ್ಲೆಯಲ್ಲಿ 2022ರಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಹಿಡಿದು, ಖಾಲಿ ಬಾಟಲಿ ತಂದವರಿಗೆ ವಾಪಸ್ ಕೊಡುವ ಪದ್ಧತಿ ತಂದರು. ಉಂಚಳ್ಳಿ ದಾರಿಯಲ್ಲಿ ನೀರಿನ ಬಾಟಲಿಗೆ ಯಾಕಾಗಬಾರದು? ಆಗ ಕಾರಿನವನೇ ಬಗ್ಗಿ ಹೆಕ್ಕುತ್ತಾನೆ. ಪಂಚಾಯ್ತಿಯ ಕಸದ ಕೆಲಸಕ್ಕೆ ನಮ್ಮ ಕೇರಿಯ ಹೆಂಗಸರನ್ನೇ ಹುಡುಕಿಕೊಂಡು ಬರೋದು ನಿಲ್ಲಲಿ. ಯಾರೇ ಮಾಡಲಿ, ತಿಂಗಳ ಸಂಬಳ, ಕೈಚೀಲ, ಬೂಟು ಮೊದಲು ಕೊಡಲಿ.

ಗ್ರಾಮಸಭೆಗೆ ಈ ಪುಟ ಹಿಡಿದುಕೊಂಡೇ ಹೋಗಿ. ಅದಕ್ಕೂ ಮುಂಚೆ, ಇವತ್ತು ರಾತ್ರಿ ಊಟ ಆದಮೇಲೆ ಹಾಸ್ಟೆಲಿನಲ್ಲಿ ಮೂರು ಡಬ್ಬಿ ಇಟ್ಟು, ಪಾಳಿಯ ಪಟ್ಟಿ ಬರೆದು ಗೋಡೆಗೆ ಹಚ್ಚಿ. ಅದರಲ್ಲಿ ಸೀನಿಯರುಗಳ ಹೆಸರೂ ಇರಲಿ.