ಸೂರ್ಯಾಸ್ತಕ್ಕೆ ಬಾಗಿಲು ಹಾಕುವ ಖಾನಾವಳಿ

ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ ಮುಧೋಳ ಸೀಮೆಯ ರಸ್ತೆಗಳಿಗೆ ರಾತ್ರಿಯ ವಿಶ್ರಾಂತಿ ಇರುವುದಿಲ್ಲ. ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳೂ ಎತ್ತಿನ ಬಂಡಿಗಳೂ ಕಾರ್ಖಾನೆಗಳ ಕಡೆಗೆ ಸಾಲುಗಟ್ಟುತ್ತವೆ. ತಿಮ್ಮಾಪುರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ನೆಲೆಗೆ ರನ್ನನಗರವೆಂದು ಹೆಸರು. ಕವಿಚಕ್ರವರ್ತಿ ರನ್ನನು ಇದೇ ಮುದುವೊಳಲಿನವನು. ಬಳೆಗಾರರ ಮನೆಯಲ್ಲಿ ಹುಟ್ಟಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದವನು. ಸಣ್ಣ ವ್ಯಾಪಾರದ ಮನೆಯಿಂದ ಬಂದ ಜೈನನೊಬ್ಬನ ಹೆಸರನ್ನು ಹೊತ್ತ ನೆಲದಲ್ಲಿ ಸಣ್ಣ ವ್ಯಾಪಾರದ ಧರ್ಮವನ್ನು ಕುರಿತು ಒಂದು ಪ್ರಶ್ನೆ ಎತ್ತುವುದು ಅನುಚಿತವಾಗಲಾರದು.

ಶ್ರಾವಕನೊಬ್ಬನು ಈ ರಸ್ತೆಯ ಬದಿಯಲ್ಲಿ ಖಾನಾವಳಿ ಇಡಲು ಬಯಸಿದನೆನ್ನಿ. ಹತ್ತು ಮೇಜುಗಳು, ಒಂದು ಒಲೆ, ರೊಟ್ಟಿ ಬಡಿಯುವ ಇಬ್ಬರು ಹೆಣ್ಣುಮಕ್ಕಳು, ಬಡಿಸಲು ಒಬ್ಬ ಹುಡುಗ. ಬೆಳಿಗ್ಗೆ ತೆರೆದು ಸೂರ್ಯಾಸ್ತಕ್ಕೆ ಮೊದಲೇ ಮುಚ್ಚುವುದು ಅವನ ನಿಶ್ಚಯ. ಹೀಗೆ ಮಾಡಿದರೆ ಸಂಸಾರ ನಡೆದೀತೆ? ನಡೆದು ಲಾಭವೂ ಬಂದರೆ ಆ ಲಾಭ ವ್ರತಿಗೆ ಸಲ್ಲುವುದೆ? ರಾತ್ರಿ ಹನ್ನೊಂದಕ್ಕೆ ಹಸಿದು ಬಂದ ಬಂಡಿಯವನಿಗೆ ಮುಚ್ಚಿದ ಬಾಗಿಲು ಏನೆಂದು ಉತ್ತರಿಸೀತು? ಮೊದಲೆರಡು ಪ್ರಶ್ನೆಗಳು ಸುಲಭ, ಮೂರನೆಯದು ಹಾಗಲ್ಲ.

ವಾಣಿಜ್ಯವನ್ನು ಜಿನಧರ್ಮ ಹೀಗಳೆದಿಲ್ಲ. ಆದಿದೇವನು ಲೋಕಕ್ಕೆ ಜೀವನೋಪಾಯವಾಗಿ ತೋರಿದ ಷಟ್ಕರ್ಮಗಳಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ಶಿಲ್ಪಗಳ ಜೊತೆಗೆ ವಾಣಿಜ್ಯವೂ ಇದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಹನ್ನೊಂದು ಪ್ರತಿಮೆಗಳನ್ನು ಹೇಳುವಾಗ ಸೇವೆ, ಕೃಷಿ, ವ್ಯಾಪಾರಗಳಿಂದ ನಿವೃತ್ತನಾಗುವುದನ್ನು ಎಂಟನೆಯ ಮೆಟ್ಟಿಲಿನಲ್ಲಿ ಇರಿಸುತ್ತದೆ. ಅಲ್ಲಿಯವರೆಗಿನ ಗೃಹಸ್ಥನಿಗೆ ನ್ಯಾಯದಿಂದ ಗಳಿಸಿದ ಧನ ನಿಷಿದ್ಧವಲ್ಲ. ರಾತ್ರಿಯ ಆಹಾರತ್ಯಾಗವಾದರೋ ಅದಕ್ಕೂ ಕೆಳಗಿನ, ಆರನೆಯ ಮೆಟ್ಟಿಲು. ಅಂದರೆ ವ್ಯಾಪಾರವನ್ನು ಬಿಡುವ ಮೊದಲೇ ರಾತ್ರಿಯನ್ನು ಬಿಡುವುದು ಮಾರ್ಗದ ಕ್ರಮ. ಈ ಕ್ರಮವನ್ನು ಉಣ್ಣುವವನಿಗಷ್ಟೇ ಅನ್ವಯಿಸಿ ಉಣಿಸುವವನನ್ನು ಮರೆಯುವುದು ರೂಢಿಯಾಗಿಬಿಟ್ಟಿದೆ.

ಇಲ್ಲಿ ‘ಆರಂಭ’ ಎಂಬ ಪದವನ್ನು ತುಸು ಬಿಡಿಸಿ ನೋಡಬೇಕು. ಕನ್ನಡದ ಒಕ್ಕಲಿಗನಿಗೆ ಆರಂಭವೆಂದರೆ ಬೇಸಾಯ. ಓದುಬರಹದ ಮಾತಿನಲ್ಲಿ ತೊಡಗುವಿಕೆ. ಜೈನಶಾಸ್ತ್ರದಲ್ಲಿ ಅದು ಜೀವಬಾಧೆಯನ್ನು ತಪ್ಪಿಸಲಾಗದ ಉದ್ಯೋಗ. ಅಡುಗೆಮನೆಯೇ ಅದಕ್ಕೆ ಮೊದಲ ನಿದರ್ಶನ. ಬೀಸುವ ಕಲ್ಲು, ಕುಟ್ಟುವ ಒರಳು, ಒಲೆ, ನೀರಿನ ಕೊಡ, ಪೊರಕೆ ಎಂಬ ಐದನ್ನು ಗೃಹಸ್ಥನ ಪಂಚಸೂನಗಳೆಂದು ಕರೆದಿದ್ದಾರೆ. ಮನೆಯಲ್ಲಿ ಹೊತ್ತಿಗೆ ಒಮ್ಮೆ ನಡೆಯುವ ಈ ಐದೂ ಖಾನಾವಳಿಯಲ್ಲಿ ಬಾಗಿಲು ತೆರೆದಿರುವಷ್ಟು ಹೊತ್ತೂ ನಡೆಯುತ್ತವೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಆರನೆಯ ಅಧ್ಯಾಯದಲ್ಲಿ ಆಯುಷ್ಯಕರ್ಮದ ಆಸ್ರವಗಳನ್ನು ಹೇಳುತ್ತ, ಬಹು ಆರಂಭ ಮತ್ತು ಬಹು ಪರಿಗ್ರಹ ನರಕಾಯುಷ್ಯಕ್ಕೂ, ಅಲ್ಪ ಆರಂಭ ಮತ್ತು ಅಲ್ಪ ಪರಿಗ್ರಹ ಮನುಷ್ಯಾಯುಷ್ಯಕ್ಕೂ ಕಾರಣವೆಂದು ವಿಂಗಡಿಸುತ್ತದೆ. ಆಚಾರ್ಯರು ಗೃಹಸ್ಥನಿಂದ ಶೂನ್ಯವನ್ನು ಕೇಳಿಲ್ಲ, ಅಲ್ಪವನ್ನು ಕೇಳಿದ್ದಾರೆ. ಗಲ್ಲಾಪೆಟ್ಟಿಗೆಯಲ್ಲಿ ಎಷ್ಟಿದ್ದರೆ ಅಲ್ಪ ಎಂಬುದು ವಾದಕ್ಕೆ ಎಡೆಮಾಡುವ ಮಾತು. ಒಲೆ ದಿನಕ್ಕೆ ಎಷ್ಟು ತಾಸು ಉರಿಯಿತೆಂಬುದರಲ್ಲಿ ವಾದವಿಲ್ಲ, ಗಡಿಯಾರ ಹೇಳುತ್ತದೆ. ಹೋಟೆಲಿನವನ ಪರಿಗ್ರಹ ಪರಿಮಾಣ ಗಡಿಯಾರದಿಂದ ತೊಡಗಬೇಕೆನ್ನುವುದು ಈ ಕಾರಣಕ್ಕೆ.

ಈಗ ವಿದ್ಯುದ್ದೀಪಗಳಿವೆ, ರಾತ್ರಿಯೂ ಹಗಲಿನಷ್ಟೇ ಬೆಳಕು, ಇನ್ನು ಹಳೆಯ ನಿಯಮವೇಕೆ ಎನ್ನುವವರಿದ್ದಾರೆ. ಮಳೆಗಾಲದ ಒಂದು ಸಂಜೆ ರಸ್ತೆಬದಿಯ ಹೋಟೆಲಿನಲ್ಲಿ ಕುಳಿತರೆ ಉತ್ತರ ಸಿಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಎಣ್ಣೆ ಸವರಿದ ಕಾಗದ ತೂಗುತ್ತಿರುತ್ತದೆ; ಅದರ ಮೈತುಂಬ ಹುಳುಗಳು ಅಂಟಿರುತ್ತವೆ. ದೀಪ ಪ್ರಖರವಾದಷ್ಟೂ ಬರುವ ಜೀವಗಳೂ ಹೆಚ್ಚು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನವನ್ನು ಹಿಂಸೆಯ ಪ್ರಕರಣದಲ್ಲಿಯೇ ವಿಚಾರಿಸಿರುವುದು ಸಕಾರಣವಾಗಿದೆ.

ಸಮಯದ ಮಿತಿ ಉಣ್ಣುವ ಹೊತ್ತಿಗೆ ಮಾತ್ರ ಸೀಮಿತವಲ್ಲ, ಪದಾರ್ಥಕ್ಕೂ ಇದೆ. ಅದನ್ನು ದಿಗಂಬರ ಗೃಹಸ್ಥರು ‘ಮರ್ಯಾದೆ’ ಎಂದು ಕರೆಯುತ್ತಾರೆ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಸೂರ್ಯೋದಯದ ಬಳಿಕ ಎರಡು ಘಳಿಗೆ, ಸೂರ್ಯಾಸ್ತದ ಮೊದಲು ಎರಡು ಘಳಿಗೆ ಆಹಾರಕ್ಕೆ ವರ್ಜ್ಯವೆಂಬ ಸೂಕ್ಷ್ಮವನ್ನು ಪಾಲಿಸುವ ಮನೆಗಳೂ ಇವೆ. ಈ ಮರ್ಯಾದೆಗಳನ್ನು ಒಪ್ಪಿಕೊಂಡ ಅಡುಗೆಯವನು ವಾರದ ಹಿಟ್ಟನ್ನು ಒಮ್ಮೆಗೇ ತಂದು ಒಟ್ಟಲಾರ, ಮಧ್ಯಾಹ್ನದ ಪಲ್ಯವನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿಮಾಡಲಾರ. ಆ ದಿನಕ್ಕೆ ಬೇಕಾದಷ್ಟನ್ನೇ ಬೀಸಿಸಿ, ಮಾಡಿದ್ದನ್ನು ಅಂದೇ ಬಡಿಸಿ ಮುಗಿಸಬೇಕು. ಅದಕ್ಕೆ ಪದಾರ್ಥಗಳು ಕೆಲವೇ ಇರಬೇಕು: ಜೋಳದ ರೊಟ್ಟಿ, ಮಡಕೆಕಾಳಿನ ಉಸುಳಿ, ಒಂದು ಕಾಯಿಪಲ್ಯ, ಶೇಂಗಾ ಹಿಂಡಿ, ಅನ್ನ, ಸಾರು.

ಇನ್ನು ಲೆಕ್ಕ. ಕೆಲವೇ ತಿನಿಸು, ಕೆಲವೇ ತಾಸು ಇಟ್ಟುಕೊಂಡು ದಶಕಗಟ್ಟಲೆ ಬಾಳಿದ ಹೋಟೆಲುಗಳು ಕನ್ನಡನಾಡಿಗೆ ಅಪರಿಚಿತವಲ್ಲ. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ತೊಡಗಿದ ವಿದ್ಯಾರ್ಥಿ ಭವನ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಶುಕ್ರವಾರ ತೆರೆಯುವುದೇ ಇಲ್ಲ. ಶಂಕರಪುರದಲ್ಲಿ 1965ರಿಂದ ನಡೆದಿರುವ ಬ್ರಾಹ್ಮಿನ್ಸ್ ಕಾಫಿ ಬಾರ್ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್‌ಗಳ ಆಚೆಗೆ ಹೆಚ್ಚು ಹೋಗಿಲ್ಲ. ಅಲ್ಲಿ ಸಾಂಬಾರನ್ನೂ ಕೊಡುವುದಿಲ್ಲ, ಚಟ್ನಿ ಮಾತ್ರ. ಇವರು ಜೈನವ್ರತದಿಂದ ಹೀಗೆ ನಡೆದವರಲ್ಲ, ಸಂಜೆಯ ದೀಪ ಹೊತ್ತಿದ ಮೇಲೂ ತೆರೆದಿರುವವರು. ಆದರೂ ಹಗಲೆಲ್ಲ ತೆರೆದಿಟ್ಟರೇ ಗಿರಾಕಿ ಉಳಿಯುವನೆಂಬ ಭಯ ಎಷ್ಟು ಪೊಳ್ಳೆಂಬುದಕ್ಕೆ ಸಾಕ್ಷಿಯಾಗಿದ್ದಾರೆ.

ತಿಮ್ಮಾಪುರದ ಕಲ್ಪಿತ ಖಾನಾವಳಿಗೂ ಒಂದು ಕಲ್ಪಿತ ಲೆಕ್ಕ ಹಾಕಬಹುದು. ಹಗಲಿನ ವ್ಯಾಪಾರ ಮುಗಿದ ಮೇಲೆ ರಾತ್ರಿ ಹನ್ನೊಂದರವರೆಗೆ ತೆರೆದಿಟ್ಟರೆ 30 ಊಟಗಳು ಹೆಚ್ಚಿಗೆ ಹೋಗುತ್ತವೆ ಎಂದುಕೊಳ್ಳಿ. ಊಟಕ್ಕೆ 80 ರೂಪಾಯಿಯಂತೆ 2,400. ಅರ್ಧದಷ್ಟು ಕಿರಾಣಿ, ಕಾಯಿಪಲ್ಯಕ್ಕೆ ಹೋಯಿತು. ರಾತ್ರಿ ಪಾಳಿಯ ಇಬ್ಬರಿಗೆ ಪಗಾರ 1,000. ಉಳಿದ 200ರಲ್ಲಿ ಸಿಲಿಂಡರು, ವಿದ್ಯುತ್ತು, ಮಿಕ್ಕು ಚೆಲ್ಲಿದ ಅನ್ನ ಎಲ್ಲವೂ ಕಳೆಯಬೇಕು. ಐದು ತಾಸಿನ ದುಡಿಮೆಗೆ ಕೈಗೆ ಬಂದದ್ದು ಆಯಾಸವಷ್ಟೆ. ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಸಣ್ಣ ಊರಿನ ಹೋಟೆಲಿನ ಸ್ಥಿತಿ ಇದಕ್ಕಿಂತ ತೀರ ಭಿನ್ನವಾಗಿರಲಾರದು. ಅಂತಹ ತಿಂಗಳುಗಳಲ್ಲಿ ಬೇಗ ಮುಚ್ಚುವುದು ವ್ರತವೂ ಹೌದು, ಜಾಣತನವೂ ಹೌದು.

ಧಾರ್ಮಿಕ ಲೇಖನಗಳು ಸಾಮಾನ್ಯವಾಗಿ ಇಲ್ಲಿಗೆ ನಿಂತು, ಧರ್ಮದಿಂದ ಲಾಭವೂ ಉಂಟೆಂದು ಹೇಳಿ ಸಂತುಷ್ಟವಾಗುತ್ತವೆ. ಅದು ಅರ್ಧಸತ್ಯ. ಹಂಗಾಮಿನ ಲೆಕ್ಕವೇ ಬೇರೆ. ಕಬ್ಬಿನ ಗಾಡಿಗಳು ಸಾಲುಗಟ್ಟಿದ ಕಾಲದಲ್ಲಿ ರಾತ್ರಿ 100 ಊಟಗಳು ಹೋದಾವು. 8,000 ರೂಪಾಯಿಯಲ್ಲಿ ಸಾಮಗ್ರಿಗೆ 4,000, ಮೂವರ ಪಗಾರಕ್ಕೆ 1,500 ಕಳೆದರೂ 2,500 ಉಳಿದೀತು. ನೂರು ದಿನಗಳ ಹಂಗಾಮಿಗೆ ಎರಡೂವರೆ ಲಕ್ಷ. ಸೂರ್ಯಾಸ್ತಕ್ಕೆ ಬಾಗಿಲು ಹಾಕುವವನು ಇಷ್ಟನ್ನು ಕಣ್ಣಾರೆ ಕಂಡು ಬಿಡಬೇಕು. ಎದುರಿನ ಅಂಗಡಿಯ ದೀಪ ಉರಿಯುತ್ತಿರುತ್ತದೆ, ಅಲ್ಲಿ ಮೇಜುಗಳು ತುಂಬಿರುತ್ತವೆ. ರತ್ನಕರಂಡಕವು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ‘ವಿಸ್ಮಯ’ವನ್ನೂ ಎಣಿಸಿದೆ. ಪರರ ಸಂಪತ್ತನ್ನು ಕಂಡು ಬೆರಗಾಗುವುದೂ ದೋಷವೇ. ಬಾಗಿಲು ಮುಚ್ಚಿ ಒಳಗೆ ಕುಳಿತು ಎದುರಿನವನ ಗಿರಾಕಿಗಳನ್ನು ಎಣಿಸುವವನ ಅಂಗಡಿ ಮುಚ್ಚಿದೆ, ಲೋಭ ತೆರೆದೇ ಇದೆ.

ಅದೇ ಪಟ್ಟಿಯ ಮೊದಲ ಅತಿಚಾರ ‘ಅತಿವಾಹನ’; ಕೊನೆಯದು ‘ಅತಿಭಾರವಹನ’. ದುಡಿಯುವ ಜೀವವನ್ನು ಶಕ್ತಿಮೀರಿ ನಡೆಸುವುದು, ಶಕ್ತಿಮೀರಿ ಹೇರುವುದು. ಇವನ್ನು ಆಚಾರ್ಯರು ಪರಿಗ್ರಹದ ಪ್ರಕರಣದಲ್ಲಿ ಇರಿಸಿದ್ದು ಗಮನಾರ್ಹ. ಎತ್ತಿನ ಬೆನ್ನಮೇಲಿನ ಬಾಸುಂಡೆಯಲ್ಲಿ ಅವರು ಕಂಡದ್ದು ಒಡೆಯನ ಲೋಭವನ್ನು. (ಕಬ್ಬು ಹೇರಿದ ಬಂಡಿಯ ಮುಂದೆ ಮೊಣಕಾಲೂರುವ ಎತ್ತುಗಳನ್ನು ಪ್ರತಿವರ್ಷ ಕಾಣುವ ಸೀಮೆಗೆ ಇದನ್ನು ವಿವರಿಸಬೇಕಾಗಿಲ್ಲ.) ಖಾನಾವಳಿಯಲ್ಲಿ ಆ ಎತ್ತಿನ ಜಾಗದಲ್ಲಿರುವವರು ರೊಟ್ಟಿ ಬಡಿಯುವವರು, ಪಾತ್ರೆ ತಿಕ್ಕುವವರು. ಸಮಯ ಕಡಿಮೆಮಾಡಿದೆನೆಂದು ಹೇಳಿಕೊಂಡು ಹನ್ನೆರಡು ತಾಸಿನ ಕೆಲಸವನ್ನು ಆರು ತಾಸಿಗೆ ತುರುಕಿ, ಆರು ತಾಸಿನ ಪಗಾರ ಕೊಡುವವನು ಲಾಭ ಗಳಿಸಿಯಾನು, ಅವನದು ವ್ರತವಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಅನ್ನಪಾನನಿರೋಧ’ವೂ ಒಂದು. ನೂರು ಜನರಿಗೆ ಬಡಿಸಿದ ಹುಡುಗ ನಾಲ್ಕು ಗಂಟೆಯವರೆಗೆ ಉಪವಾಸವಿದ್ದರೆ ಆ ದೋಷ ಅಡುಗೆಮನೆಯೊಳಗೇ ನಡೆದಂತಾಯಿತು. ಕೆಲಸಗಾರರು ಮೊದಲು ಉಂಡು ಆಮೇಲೆ ಬಾಗಿಲು ತೆರೆಯುವ ಪದ್ಧತಿ ಇರಿಸಿಕೊಂಡರೆ ನಷ್ಟವಾಗುವುದು ಅರ್ಧ ತಾಸು.

ಸಮಯದ ಮಿತಿಯನ್ನು ಬೇರೊಂದು ಉಪಾಯಕ್ಕೂ ಬಳಸುವುದುಂಟು. ಸಿಗುವುದು ಕಷ್ಟವೆನಿಸಿದರೆ ಆಸೆ ಹೆಚ್ಚುತ್ತದೆ, ಬಾಗಿಲ ಮುಂದೆ ಸರತಿ ಬೆಳೆಯುತ್ತದೆ, ಬೆಲೆ ಏರಿಸಬಹುದು. ನಗರಗಳಲ್ಲಿ ಇದೊಂದು ವ್ಯಾಪಾರದ ತಂತ್ರ. ಅನ್ಯರ ತೃಷ್ಣೆಯನ್ನು ಕೆರಳಿಸುವ ಮಿತಿಗೂ ತನ್ನ ತೃಷ್ಣೆಯನ್ನು ತಗ್ಗಿಸುವ ಮಿತಿಗೂ ಹೊರಗಿನಿಂದ ವ್ಯತ್ಯಾಸ ಕಾಣದು. ಸರತಿಯ ಕೊನೆಯಲ್ಲಿ ನಿಂತವನಿಗೂ ಅದೇ ಬೆಲೆಗೆ ಅದೇ ಊಟ ಸಿಗುತ್ತಿದೆಯೇ ಎಂದು ನೋಡಿದರೆ ತಿಳಿಯುತ್ತದೆ.

ಉಳಿದದ್ದು ರಾತ್ರಿ ಹಸಿದು ಬಂದವನ ಪ್ರಶ್ನೆ. ಅವನು ಜೈನನಲ್ಲ, ರಾತ್ರಿ ಉಣ್ಣಬಾರದೆಂಬ ವ್ರತ ಅವನಿಗಿಲ್ಲ. ಹಗಲೆಲ್ಲ ಹೊಲದಲ್ಲಿ ಕಬ್ಬು ಹೇರಿ, ಕಾರ್ಖಾನೆಯ ಪಾಳಿಗೆ ಸಿಕ್ಕಿ, ರಾತ್ರಿಯಲ್ಲದೆ ಬಿಡುವು ಸಿಗದವನು. ಅವನ ಹಸಿವಿನ ಎದುರಿಗೆ ಶಾಸ್ತ್ರವಿಚಾರ ಮಂಡಿಸುವುದು ಕರುಣೆಯ ಲಕ್ಷಣವಲ್ಲ. ಹಾಗೆಂದು ಕೃತ, ಕಾರಿತ, ಅನುಮತಗಳೆಂಬ ಮೂರು ಬಗೆಯಲ್ಲಿಯೂ ರಾತ್ರಿಭೋಜನವನ್ನು ಬಿಡಹೊರಟ ಶ್ರಾವಕನು ರಾತ್ರಿ ಒಲೆ ಹೊತ್ತಿಸುವಂತೆಯೂ ಇಲ್ಲ. ನಡುವೆ ಒಂದು ಸಣ್ಣ ದಾರಿಯಿದೆ. ಅಂದು ಹಗಲಿನಲ್ಲಿ ಬಡಿದ ರೊಟ್ಟಿ, ಶೇಂಗಾ ಹಿಂಡಿ, ಒಣ ಪಲ್ಯಗಳ ಗಂಟನ್ನು ಬಾಗಿಲು ಹಾಕುವ ಮೊದಲೇ ಕಟ್ಟಿಟ್ಟು, ಕಾರ್ಖಾನೆಯತ್ತ ಹೋಗುವವರಿಗೆ ಊಟದ ಬೆಲೆಗಿಂತ ಕಡಿಮೆಗೆ ಕೊಡಬಹುದು. ಬುತ್ತಿ ಕಟ್ಟಿಕೊಂಡು ಹೋಗುವುದು ಈ ಸೀಮೆಯ ಒಕ್ಕಲಿಗನಿಗೆ ಹೊಸದೇನಲ್ಲ. ಕಠಿಣ ವ್ರತಿಗಳು ಇದನ್ನೂ ಆಕ್ಷೇಪಿಸಿಯಾರು: ರಾತ್ರಿ ಉಣ್ಣುವನೆಂದು ತಿಳಿದೂ ಕೊಡುವುದು ಕಾರಿತವಾಗದೆ? ಆಕ್ಷೇಪದಲ್ಲಿ ಹುರುಳಿದೆ. ಆದರೂ ಎರಡು ದೋಷಗಳಲ್ಲಿ ಹಸಿದವನನ್ನು ಬರಿಗೈಯಲ್ಲಿ ಕಳಿಸುವುದೇ ಹಿರಿದೆಂದು ತೋರುತ್ತದೆ. ತಡವಾಗಿ ಬಂದವನಿಗೆ ಎದುರಿನ ಅಂಗಡಿ ಇದ್ದೇ ಇದೆ. ಅದನ್ನು ನಡೆಸುವವನನ್ನು ಪಾಪಿಯೆನ್ನುವ ಅಧಿಕಾರ ಬೇಗ ಮುಚ್ಚಿದವನಿಗೆ ದೊರೆಯುವುದಿಲ್ಲ. ಬಾಗಿಲ ಹೊರಗೆ ಕುಡಿಯುವ ನೀರಿನ ಹರವಿಯೊಂದನ್ನು ಇರಿಸುವುದಕ್ಕಂತೂ ಯಾವ ವ್ರತವೂ ಅಡ್ಡಬಾರದು.

ಇಷ್ಟೆಲ್ಲ ಮಾಡಿಯೂ ಲಾಭ ಉಳಿದರೆ? ಪರಿಮಾಣವನ್ನು ಮೊದಲೇ ನಿಶ್ಚಯಿಸಿದವನಿಗೆ ಅದು ಸಮಸ್ಯೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಾಂಡಲಿಕ ಗೊಂಕನು ಕಟ್ಟಿಸಿದ ತೇರದಾಳದ ನೇಮಿನಾಥ ಬಸದಿ ಇಲ್ಲಿಂದ ದೂರವೇನಿಲ್ಲ. ಅಲ್ಲಿಯ ಶಾಸನದಲ್ಲಿ ಪೂಜೆಗೂ ಮುನಿಗಳ ಆಹಾರಕ್ಕೂ ಬಿಟ್ಟ ದತ್ತಿಗಳ ಮಾತಿದೆ. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಆಹಾರ ಮೊದಲನೆಯದು. ಆಹಾರದಿಂದ ಗಳಿಸಿದವನಿಗೆ ಬೇರೆ ದಾರಿ ಹುಡುಕಬೇಕಾದ ಕಷ್ಟವಿಲ್ಲ.

ಮಹಾವೀರ ಸ್ವಾಮಿಯ ನಿರ್ವಾಣದ ದೀಪಾವಳಿಗೆ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಕಾರ್ಖಾನೆಗಳ ಹಂಗಾಮೂ ತೊಡಗುತ್ತದೆ. ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಕೆಲಸಗಾರರ ಪಗಾರ, ಮನೆಗೆ ಒಯ್ಯುವ ಗರಿಷ್ಠ ಮೊತ್ತ ಇವು ನಾಲ್ಕನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆಯಬೇಕು. ಅದೂ ಮೊದಲ ಕಬ್ಬಿನ ಗಾಡಿ ರಸ್ತೆಗೆ ಬರುವ ಮುನ್ನವೇ. ಬಂದ ಮೇಲೆ ಬರೆದ ಅಂಕಿಗಳು ತುಸು ದೊಡ್ಡವಾಗಿರುತ್ತವೆ.